ಗೂಡು ತಿಂದ ಬೇರಿಂಗ್

ಇನ್ನೂರ ಹದಿನಾಲ್ಕು. ಪೆಡಲ್ ಮೇಲೆ ಬಲಗಾಲು ಕೆಳಕ್ಕಿಳಿದು ಎಡಗಾಲು ಮೇಲೇರುವ ಸಂಧಿಯಲ್ಲೇ ಆ ಸಣ್ಣ ಪೆಟ್ಟು, ಟಕ್ಕೆಂದು. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆದು ಲೆಕ್ಕ ತಪ್ಪಿಸಿತು. ನಾಗಭೂಷಣ ರಸ್ತೆಯ ಅಂಚಿಗೆ ಸರಿದು, ಮತ್ತೆ ಒಂದರಿಂದ ಎಣಿಸತೊಡಗಿದ.

ದಾವಣಗೆರೆಯ ಮೂರು ಸೈಕಲ್ ಅಂಗಡಿಗಳು ಈ ಸದ್ದಿಗೆ ಸೋತಿದ್ದವು. ಎರಡು ಬಾರಿ ಪೆಡಲಿನ ಅಚ್ಚಿನ ಬೇರಿಂಗ್ ಬದಲಾಗಿತ್ತು. ಎರಡು ಬಾರಿಯೂ ವಾರ ಕಳೆಯುವುದರೊಳಗೆ ಸದ್ದು ಹಿಂತಿರುಗಿತ್ತು. ಕೊನೆಗೆ ಅವನು ಸಂಸ್ಕೃತ ಕಲಿಸುವ ಕಾಲೇಜಿನ ಪ್ರಯೋಗಶಾಲೆಯ ಉಚ್ಚೆಂಗಪ್ಪ ಹರಿಹರದ ಹಯಾತ್ ಸಾಬರ ಹೆಸರು ಹೇಳಿದ. ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ನಡೆಸಿದ ಮನುಷ್ಯ. ಅದು ಮುಚ್ಚಿದ ಮೇಲೆ ಮನೆಯ ಹಿಂದೆಯೇ ಪುಟ್ಟ ಲೇತೊಂದನ್ನು ಇಟ್ಟುಕೊಂಡವರು.

ಭಾನುವಾರ. ಸಂಜೆ ಐದಕ್ಕೆ ಶಾಮನೂರಿನ ಗುಡಿ ಸಮಿತಿ ಕೂಡುವುದಿತ್ತು. ಹಿಂದಿನ ದಿನ ಸಮಿತಿಯ ಹಿರಿಯರಾದ ಕಲ್ಲೇಶಪ್ಪನವರು ಎಸ್.ಎಸ್. ಬಡಾವಣೆಯ ಅವನ ಮನೆಗೇ ಬಂದು, ಕಾಫಿಯನ್ನು ಬಸಿಗೆ ಬಗ್ಗಿಸಿಕೊಂಡು ಕುಡಿದು, ವಿಷಯ ಹೇಳಿ ಹೋಗಿದ್ದರು. ನಾಗಭೂಷಣನ ತಂದೆ ಮೂವತ್ತೊಂದು ಶ್ರಾವಣ ಪುರಾಣ ಹೇಳಿದ ಗದ್ದುಗೆ ಅದು. ಮೂರು ವರ್ಷದಿಂದ ಮಗ ತಾತ್ಕಾಲಿಕವಾಗಿ ನಡೆಸಿಕೊಟ್ಟಿದ್ದಾನೆ. ಇನ್ನು ಅದನ್ನು ಶಾಶ್ವತವಾಗಿ ಒಪ್ಪಿಕೊಳ್ಳಬೇಕು. ಐದು ಗಂಟೆಗೆ ಫೋನಿನಲ್ಲಿ ಹೂಂ ಎಂದರೂ ಸಾಕು.

ಹೂಂ ಎನ್ನುವ ಮೊದಲು ಅವನಿಗೆ ಒಂದು ಸಂಗತಿ ತಿಳಿಯಬೇಕಿತ್ತು: ತಾನು ಹೇಳುವುದರಲ್ಲಿ ಯಾವುದಾದರೂ ತನ್ನೊಳಗೆ ಗಟ್ಟಿಯಾಗಿ ಕೂತಿದೆಯೇ?

ಎರಡು ಶ್ರಾವಣಗಳಿಂದ ಮಾತು ತಾನಾಗಿ ಬರುತ್ತಿತ್ತು. ಶ್ಲೋಕ, ಅನ್ವಯ, ದೃಷ್ಟಾಂತ, ಎಲ್ಲವೂ ಸರಿಯಾದ ಜಾಗದಲ್ಲಿ. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಮಾತ್ರ ಕೊನೆಯ ಸಾಲಿನಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ಕುಳಿತವನಂತೆ, ಗದ್ದುಗೆಯ ಮೇಲಿನವನು ಯಾರೆಂದು ನೋಡುತ್ತಿದ್ದ. ಅದರಿಂದ ದುಃಖವೇನೂ ಆಗುತ್ತಿರಲಿಲ್ಲ, ಕುತೂಹಲವಾಗುತ್ತಿತ್ತು. ನಾಸ್ತಿಕನೆಂದು ಕರೆದುಕೊಳ್ಳುವ ಅರ್ಹತೆಯೂ ತನಗಿಲ್ಲವೆಂದು ಅವನು ತೀರ್ಮಾನಿಸಿದ್ದ. ನಾಸ್ತಿಕರು ಏನನ್ನೋ ಬಿಗಿಯಾಗಿ ಹಿಡಿದಿರುತ್ತಾರೆ.

ಹರಿಹರ ತಲುಪಿದಾಗ ಹಯಾತ್ ಸಾಬರು ಬಾಗಿಲಲ್ಲೇ ಇದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಪರಿಚಯ ಕೇಳಿ, ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು.

"ಸಂಸ್ಕೃತ ಮೇಷ್ಟ್ರು ಸೈಕಲ್ ತುಳೀತೀರಿ. ಮನ್ಯಾಗ ಕಾರು ಇಲ್ಲೇನ್ರಿ?"

"ಐತೆ. ಮನೆಯವರು ಓಡಿಸ್ತಾರೆ."

"ಹಂಗನ್ರಿ ಮತ್ತೆ," ಎಂದು ಸೈಕಲ್ಲನ್ನು ಒಳಗೆ ಒಯ್ದು ಸ್ಟ್ಯಾಂಡಿಗೆ ಏರಿಸಿದರು.

ಚೈನ್ ಇಳಿಯಿತು. ಪೆಡಲ್‌ಗಳ ತೋಳು ಕಳಚಿತು. ಬೇರಿಂಗನ್ನು ಹೊರಗೆ ತಟ್ಟಲು ಅವರು ಸುತ್ತಿಗೆ ಎತ್ತಿಕೊಂಡರು. ಆದರೆ ಅದು ಬೆರಳಿಗೇ ಜಾರಿ ಬಂತು. ಅದರ ಮೈಗೆ ಮೆತ್ತಿಕೊಂಡು ಕಪ್ಪಗಾದ, ಅರೆದುಹೋದ ತಗಡಿನ ಚೂರುಗಳು. ಹಯಾತ್ ಸಾಬರು ಒಂದನ್ನು ಹೆಬ್ಬೆರಳಿನಿಂದ ಉಜ್ಜಿದರು. ಅದು ಹೊಳೆಯಿತು.

"ಇದು ಬೆಳ್ಳಿ ಇದ್ದಂಗೈತೆ."

ಸುಳ್ಳು ಹೇಳಲು ಸಾಕಷ್ಟು ಸಮಯವಿತ್ತು. "ಕರಡಿಗೆ ಮುಚ್ಚಳ," ಎಂದ ನಾಗಭೂಷಣ. "ನಮ್ಮ ಅಪ್ಪಾಜಿದು."

ಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಭರಣಿ. ಮೂರು ವರ್ಷದ ಹಿಂದೆ ತಂದೆ ತೀರಿಕೊಂಡಾಗ ಲಿಂಗವು ಪದ್ಧತಿಯಂತೆ ಅವರ ಎಡಗೈಯಲ್ಲೇ ಮಣ್ಣಿಗೆ ಹೋಯಿತು. ಕರಡಿಗೆ ಮನೆಯಲ್ಲಿ ಉಳಿಯಿತು, ಖಾಲಿ. ಬೇರಿಂಗಿನ ಸುತ್ತ ತೆಳ್ಳನೆಯ ತಗಡು ಸುತ್ತಿದರೆ ಸಡಿಲ ಹೋಗುತ್ತದೆಂದು ಹೋದ ತಿಂಗಳು ಅವನು ಇಂಟರ್‌ನೆಟ್ಟಿನಲ್ಲಿ ಓದಿದ. ಅಡುಗೆಮನೆಯಲ್ಲಿ ಖಾಲಿ ಡಬ್ಬಿಗಳಿದ್ದವು. ಕೈ ದೇವರ ಮನೆಯ ಡ್ರಾಯರಿಗೆ ಹೋಯಿತು. ಹೆಂಡತಿ ಉಮಾಮಹೇಶ್ವರಿಯ ಹೊಲಿಗೆಯ ಕತ್ತರಿಯಿಂದ ಮುಚ್ಚಳವನ್ನು ಪಟ್ಟಿಯಾಗಿ ಕತ್ತರಿಸುವಾಗ ಅವನು ತನ್ನನ್ನು ಗಮನವಿಟ್ಟು ನೋಡುತ್ತಿದ್ದ. ಕೈ ನಡುಗೀತೇ? ಬಾಯಿ ಒಣಗೀತೇ? ಕತ್ತರಿ ಮೊಂಡಾಗಿದೆ ಎಂಬುದಷ್ಟೇ ಹೊಳೆಯಿತು. ಆಮೇಲೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಂದಿನಂತೆ ಪೂಜೆಗೆ ಕುಳಿತ.

"ಗೊತ್ತಿದ್ದೇ ಹಾಕಿದ್ರಾ?"

"ಗೊತ್ತಿದ್ದೇ."

ಬೈಗುಳಕ್ಕಾಗಿ ಅವನು ಕಾದ. ಬಂದರೆ ಒಳ್ಳೆಯದೆನ್ನಿಸಿತು. ಈ ಮುದುಕನಾದರೂ ಹಿಂದೆ ಸರಿದರೆ, ಮುಖ ಸಿಂಡರಿಸಿದರೆ, ನಡೆದದ್ದು ಒಂದು ಘಟನೆಯಾಗುತ್ತಿತ್ತು.

"ಬೆಳ್ಳಿ ಮೆತ್ತಗ್ರಿ," ಎಂದರು ಹಯಾತ್ ಸಾಬರು. "ಹಿಡಿಯಲ್ಲ."

ಅಷ್ಟು ಹೇಳಿ ಎದ್ದು ನಲ್ಲಿಯ ಬಳಿಗೆ ಹೋದರು. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು; ಗ್ರೀಸು ಬಿಡುವವರೆಗೆ ಮತ್ತೊಮ್ಮೆ. ಒಗೆದ ಬಟ್ಟೆಯಲ್ಲಿ ಒರೆಸಿಕೊಂಡು ಬಂದು, ಬಿಳಿಯ ಹಾಳೆಯೊಂದನ್ನು ಹಾಸಿ, ಚಿಮುಟದಿಂದ ಒಂದೊಂದೇ ಚೂರನ್ನು ಎತ್ತಿಟ್ಟರು. ಏಳು ಚೂರು. ಹಾಳೆಯನ್ನು ನಾಲ್ಕು ಮಡಿಕೆ ಮಡಿಚಿ ಎರಡೂ ಕೈಯಿಂದ ನೀಡಿದರು.

ಯಾವುದೋ ದೂರದೇಶದ ವಿಧಿಯನ್ನು ನೋಡುವಂತೆ ನಾಗಭೂಷಣ ನೋಡುತ್ತಿದ್ದ. ಪೊಟ್ಟಣವನ್ನು ತೆಗೆದುಕೊಂಡ ಮೇಲೆ ಅದರ ಮೇಲೆ ತನ್ನ ಬೆರಳಿನ ಕಪ್ಪು ಗುರುತು ಬಿದ್ದದ್ದು ಕಂಡಿತು. ತಾನು ಪೆಡಲ್ ಹಿಡಿದಿದ್ದನಲ್ಲ, ಕೈ ತೊಳೆದಿರಲಿಲ್ಲ.

ಹಯಾತ್ ಸಾಬರು ಈಗ ಅಳತೆಯಲ್ಲಿ ಮುಳುಗಿದ್ದರು. ಬೇರಿಂಗನ್ನು ಮೈಕ್ರೋಮೀಟರಿನಲ್ಲಿ ಹಿಡಿದರು. ಅದು ಕೂರುವ ಗೂಡಿನ ಒಳಮೈಯನ್ನು ಅಡ್ಡ, ಉದ್ದ, ಓರೆಯಾಗಿ ಅಳೆದರು. ಕೊನೆಗೆ ಕನ್ನಡಕ ತೆಗೆದರು.

"ಬೇರಿಂಗಿಗೆ ಏನೂ ಆಗಿಲ್ರಿ. ಇನ್ನೂ ಹತ್ತು ಸಲ ಬದ್ಲಿ ಮಾಡಿದ್ರೂ ಅಷ್ಟೇ. ಇದರ ಹೊರಗಿನ ರಿಂಗು ಗೂಡಿನಾಗ ಗಟ್ಟಿ ಕುಂತಿರಬೇಕು, ಒಳಗಿನ ಗುಂಡು ತಿರುಗಬೇಕು. ನಿಮ್ದ್ರಾಗ ರಿಂಗೇ ತಿರುಗೈತೆ. ತಿರುಗಿ ತಿರುಗಿ ಗೂಡು ತಿಂದೈತೆ."

"ಎಷ್ಟು?"

"ಎರಡು ಕೂದಲಿನಷ್ಟು."

"ಅಷ್ಟೇನಾ?"

"ಅಷ್ಟೇ ಅಂತೀರಲ್ಲ. ಕಾರ್ಖಾನ್ಯಾಗ ಕೂದಲಿನ ಹತ್ತನೇ ಪಾಲು ಹೆಚ್ಚಾದ್ರೆ ಕೆಂಪು ಬಣ್ಣ ಬಳಿದು ಮೂಲಿಗೆ ಒಗೀತಿದ್ವಿ ನಾವು."

ಇಷ್ಟು ದಿನ ತುಳಿದರೂ ತನಗೇಕೆ ತಿಳಿಯಲಿಲ್ಲವೆಂದು ನಾಗಭೂಷಣ ಕೇಳಿದ. ಪೆಡಲ್ ತಿರುಗುತ್ತಿತ್ತಲ್ಲ, ಮೇಲಿಂದ ನೋಡಿದವರಿಗೆ ಹೆಂಗೆ ತಿಳಿಯಬೇಕು, ಎಂದರು ಹಯಾತ್ ಸಾಬರು.

ತೂತಿನ ಒಳಮೈ ಹೆರೆಯುವ ರೀಮರನ್ನು ಕೈಯಿಂದಲೇ ತಿರುಗಿಸಿ ಗೂಡನ್ನು ದುಂಡಗೆ ಮಾಡಿದರು. ಒಳಗೆ ಕೂರಿಸಲು ಬಳೆಯಂಥ ತೆಳ್ಳನೆಯ ಉಕ್ಕಿನ ಬುಷ್ ಒಂದನ್ನು ಲೇತಿನಲ್ಲಿ ಕಡೆದರು. ಕಡೆದು ಮುಗಿದ ಬುಷನ್ನು ಬೆಂಚಿನ ಮೇಲಿಟ್ಟು ಸುಮ್ಮನೆ ಕುಳಿತರು. ನಾಗಭೂಷಣ ಕೈ ಚಾಚಿದ.

"ಮುಟ್ಟಬ್ಯಾಡ್ರಿ. ಬಿಸಿ ಇದ್ದಾಗ ಅಳೆದ್ರೆ ಸುಳ್ಳು ಹೇಳ್ತೈತೆ. ತಣ್ಣಗಾಗ್ಲಿ. ಕೂಡ್ರಿ."

ಕುಳಿತ. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಇಬ್ಬರೂ ಒಂದು ಉಕ್ಕಿನ ಬಳೆ ಆರುವುದನ್ನು ಕಾಯುತ್ತಿದ್ದರು. ಕಾರ್ಖಾನೆ ಹೋಗಿ ಎಷ್ಟೋ ವರ್ಷವಾಯಿತು, ಪರೀಕ್ಷಿಸುವವರಿಲ್ಲ, ಕೆಂಪು ಬಣ್ಣ ಬಳಿಯುವವರಿಲ್ಲ. ಹಾಗಿದ್ದೂ ಈ ನಿಷ್ಠೆ ಏಕೆ? ಅವನಿಗೆ ನಿಜವಾಗಿಯೂ ತಿಳಿಯಬೇಕೆನ್ನಿಸಿತು.

"ಯಾರು ನೋಡ್ತಾರೆ ಸಾಬ್ರೇ, ಇಷ್ಟೆಲ್ಲ?"

ಹಯಾತ್ ಸಾಬರಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ಲೂಸ್ ಆದ್ರೆ ಸದ್ದು ಬರ್ತೈತಲ್ರಿ," ಎಂದರು.

ತಣಿದ ಬುಷನ್ನು ಅಳೆದರು, ತಲೆದೂಗಿದರು. ಉದ್ದನೆಯ ಬೋಲ್ಟಿಗೆ ಎರಡು ದಪ್ಪ ವಾಷರ್ ಹಾಕಿ, ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತ ಅದನ್ನು ಗೂಡಿನೊಳಗೆ ಒತ್ತಿದರು. ಆಮೇಲೆ ಅದೇ ರೀತಿಯಲ್ಲಿ ಬೇರಿಂಗು. ತಿರುಗಿಸಿ ನೋಡಿರೆಂದು ಅವನಿಗೆ ಹೇಳಿದರು. ನಾಗಭೂಷಣ ಬೇರಿಂಗಿನ ಹೊರ ಅಂಚಿಗೆ ಹೆಬ್ಬೆರಳಿಟ್ಟು ಬಲವಾಗಿ ತಿರುವಿದ. ಬೆರಳು ಜಾರಿತು, ಅದು ಕದಲಲಿಲ್ಲ. ಅವನಿಗೆ ಆ ಲೋಹದ ಮೇಲೆ ಸಣ್ಣದೊಂದು ಅಸೂಯೆ ಹುಟ್ಟಿತು. ಅದನ್ನೂ ಕುತೂಹಲದಿಂದಲೇ ಗಮನಿಸಿದ.

ಪೆಡಲ್‌ಗಳ ತೋಳುಗಳು ಸ್ವಸ್ಥಾನ ಸೇರಿದವು. ಚೈನ್ ಹಾಕುವ ಮೊದಲು ಹಯಾತ್ ಸಾಬರು ಒಂದು ಬೆರಳಿನಿಂದ ಪೆಡಲನ್ನು ತಳ್ಳಿಬಿಟ್ಟರು. ಅದು ತಿರುಗತೊಡಗಿತು. ಅದೇ ಹೊತ್ತಿಗೆ ಫೋನ್ ಬಂತು.

"ಮೇಷ್ಟ್ರೇ, ಎಲ್ಲಾರೂ ಕುಂತೀವಿ," ಎಂದರು ಕಲ್ಲೇಶಪ್ಪನವರು. "ಸ್ಪೀಕರಿಗೆ ಹಾಕೀನಿ. ಏನಂತೀರಿ ಹೇಳಿಬಿಡ್ರಿ."

ನಾಗಭೂಷಣ ಬಾಯಿ ತೆರೆದ. ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ: ಹರಿಹರದ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ವಾಕ್ಯ, ಕರ್ತೃ ಕರ್ಮ ಕ್ರಿಯಾಪದ ಸಹಿತ, ನಾಲಿಗೆಯ ಮೇಲಿತ್ತು. ಎದೆಯಿಂದ ಬೇರೆಯೇ ದನಿ ಎದ್ದಿತು. ತುಂಬಿದ, ಕೊನೆಯಲ್ಲಿ ಹಿತವಾಗಿ ಇಳಿಯುವ ಶ್ರಾವಣದ ದನಿ.

"ಒಪ್ಪಿದೆ ಯಜಮಾನ್ರೇ. ಅಪ್ಪಾಜಿಯವರು ಕೂತ ಜಾಗ. ಇಲ್ಲ ಅನ್ನೋದಕ್ಕೆ ನಾನ್ಯಾರು?"

ಆಚೆ ಸಂತೋಷದ ಗುಜುಗುಜು. ಯಾರೋ ಹರ ಹರ ಮಹಾದೇವ ಎಂದರು. ಕಲ್ಲೇಶಪ್ಪನವರು ಫೋನ್ ಇಟ್ಟರು.

ಹಯಾತ್ ಸಾಬರು ಚೈನನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ನಿಲ್ಲಿಸಿ ಹಾಕಿಬಿಡಲೇ ಎಂದು ಕೇಳಿದರು. ಇರಲಿ, ಸ್ವಲ್ಪ ಹೊತ್ತು, ಎಂದು ನಾಗಭೂಷಣ ಮಂಡಿಯೂರಿ ಕುಳಿತ. ಕಿವಿಯನ್ನು ಹತ್ತಿರ ತಂದ. ಎರಡು ಪೆಡಲ್‌ಗಳೂ ಒಂದನ್ನೊಂದು ಅಟ್ಟುತ್ತ ಸುತ್ತುತ್ತಿದ್ದವು, ನುಣ್ಣಗೆ, ನಿಶ್ಶಬ್ದವಾಗಿ, ಎಳ್ಳಷ್ಟೂ ಅಲುಗದೆ. ಚೈನಿಲ್ಲದ ಹಿಂದಿನ ಗಾಲಿ ತನ್ನ ಪಾಡಿಗೆ ನಿಂತಿತ್ತು. ಅದರ ಟಯರಿನ ಸಂದಿನಲ್ಲಿ ಸಿಕ್ಕಿಕೊಂಡಿದ್ದ ರಸ್ತೆಯ ಒಂದು ಚಿಕ್ಕ ಕಲ್ಲೂ ಕದಲಲಿಲ್ಲ.