ತಯಾರಿ ಮಾಡಿದ ರಕ್ತ

ಮಾನಪ್ಪ ಮಾಸ್ತರರು ಮೂಗು ಹಿಡಿದು ಹಾಗಲಕಾಯಿ ರಸವನ್ನು ಗಟಗಟ ಕುಡಿದು, ಖಾಲಿ ಲೋಟವನ್ನು ಹೆಂಡತಿ ಸಾವಿತ್ರವ್ವನ ಕೈಗಿತ್ತರು. ನಾಳೆ ಬೆಳಿಗ್ಗೆ ಇಂಡಿ ಪಟ್ಟಣದ ಲ್ಯಾಬಿನಲ್ಲಿ ರಕ್ತ ಕೊಡಬೇಕಿತ್ತು. ಡಾಕ್ಟರು ಶುಗರ್ ಟೆಸ್ಟಿಗೆ ಬರೆದುಕೊಟ್ಟ ದಿನದಿಂದ ಅವರು ಬೆಲ್ಲದ ಚಹಾ ಬಿಟ್ಟಿದ್ದರು, ಅನ್ನ ಬಿಟ್ಟಿದ್ದರು. ರಿಟೈರ್ ಆಗುವ ತನಕ ಪರೀಕ್ಷೆ ನಡೆಸಿದ ಮನುಷ್ಯ. ತಯಾರಿಯಿಲ್ಲದೆ ಪರೀಕ್ಷೆಗೆ ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಹೆದರಿಕೆಯೂ ಇತ್ತು. ಅಣ್ಣನಿಗೆ ಸಕ್ಕರೆ ಕಾಯಿಲೆ ಅಂತ ಇದೇ ಲ್ಯಾಬಿನಲ್ಲಿ ಗೊತ್ತಾಗಿ, ಮುಂದೆ ಕಾಲನ್ನೇ ತೆಗೆದಿದ್ದರು. ಈಗ ಇವರ ಹಿಮ್ಮಡಿಯಲ್ಲಿ ನಿಂಬೆಮುಳ್ಳು ಚುಚ್ಚಿದ ಗಾಯ ಆರುವ ಮಾತೇ ಆಡುತ್ತಿರಲಿಲ್ಲ.

ಮರುದಿನ ಡಾಕ್ಟರು, "ಶುಗರ್ ಬರೋಬ್ಬರಿ ಐತ್ರಿ ಮಾಸ್ತರ" ಎಂದರು. ಟೆಂಪೋ ಇಳಿದವರೇ ಮಾಸ್ತರರು, "ಪಾಸಾದೆ ನೋಡು" ಎಂದು ಮನೆ ಹೊಕ್ಕರು. ಸಾವಿತ್ರವ್ವ ಹೋಳಿಗೆ ಮಾಡಿದಳು. ತುಪ್ಪ ಸುರುವಿಕೊಂಡು ಹೊಟ್ಟೆ ಬಿರಿಯುವಂತೆ ಉಂಡರು.

ವಾರ ಕಳೆಯಿತು. ಗಾಯದ ಪಟ್ಟಿ ಬಿಚ್ಚಿದ ಸಾವಿತ್ರವ್ವ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿದಳು.

"ಪಾಸಾದವರ ಗಾಯ ಯಾಕ ಆರವಲ್ದರಿ?"

"ಆರತೈತಿ, ಬಿಡು."

"ಅಲ್ರೀ, ದಿನಾ ಉಂಡಂಗ ಉಂಡು ಹೋಗಿದ್ರ ರಿಪೋರ್ಟಿನ್ಯಾಗ ಏನ ಬರ್ತಿತ್ತು?"

ಮಾಸ್ತರರು ಸಿಡುಕಿದರು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಇನ್‌ಸ್ಪೆಕ್ಟರ್ ಸಾಹೇಬರು ಬರುವ ಮುಂಚೆ ಶಾಲೆಯಲ್ಲಿ ತಾವು ಹುಡುಗರಿಗೆ ಒಂದೇ ಪಾಠವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಸಾಹೇಬರು ಶಾಭಾಸ್ ಅಂದು ಜೀಪು ಹತ್ತುತ್ತಿದ್ದರು. ಮುಂದಿನ ಪುಟ ತೆಗೆದರೆ ಒಬ್ಬ ಹುಡುಗನಿಗೂ ಓದಲು ಬರುತ್ತಿರಲಿಲ್ಲ. ಹಾಗಾದರೆ ತನ್ನ ರಕ್ತದ ಮುಂದಿನ ಪುಟದಲ್ಲಿ ಏನಿದೆ? ಎಂದೂ ಇಲ್ಲದ ಕುತೂಹಲ ಹುಟ್ಟಿತು.

ಮರುದಿನ ಬೆಲ್ಲದ ಚಹಾ ಕುಡಿದು, ಅನ್ನ ಉಂಡು, ಯಾರೂ ಬರೆದುಕೊಡದಿದ್ದರೂ ಲ್ಯಾಬಿನ ಮುಂದೆ ಹೋಗಿ ನಿಂತರು. ರಕ್ತ ತೆಗೆಯುವ ಖಾತುನಬಿ ಗುರುತು ಹಿಡಿದಳು.

"ಹೋದ ವಾರನ ಕೊಟ್ಟು ಹೋಗಿದ್ರೆಲ್ರಿ ಮಾಸ್ತರ. ಎಲ್ಲಾ ಚಲೋ ಇತ್ತು."

"ಅದನ್ನ ತಯಾರಿ ಮಾಡಿ ತಂದಿದ್ದೆ ತಂಗಿ. ಇವತ್ತ ಇದ್ದಂಗ ಬಂದೇನಿ."

ಖಾತುನಬಿ ನಗುತ್ತ ತೋಳಿಗೆ ರಬ್ಬರು ಬಿಗಿದಳು. ಮಾಸ್ತರರ ಹೆದರಿಕೆ ಹಾಗೇ ಇತ್ತು. ಹೋದ ವಾರ ಸೂಜಿ ಚುಚ್ಚುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿದ್ದರು. ಇವತ್ತು ಜೇಬಿನಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡು, ಸಿರಿಂಜಿನಲ್ಲಿ ಮೆಲ್ಲಗೆ ಏರುತ್ತಿದ್ದ ಕೆಂಪನ್ನು ಬಗ್ಗಿ ನೋಡತೊಡಗಿದರು.