ಡಾ ನಾಂಗಿಗೆ ಇಬ್ಬರು

ಬೀಜದ ಚೀಲ ಕೊಯ್ಯುವ ಬ್ಲೇಡಿನಿಂದಲೇ ನಿರ್ಮಲಾ ಕೊರಿಯರ್ ಪೊಟ್ಟಣವನ್ನು ಸೀಳಿದಳು. ಒಳಗೆ ಎರಡು ಟೋಪಿ, ಎರಡು ಹಳದಿ ಟೀ ಶರ್ಟು. ಬೆನ್ನ ಮೇಲೆ ಬೀಜದ ಕಂಪನಿಯ ಗುರುತು, ಅದರ ಕೆಳಗೊಂದು ದೋಣಿ, ದೋಣಿಯ ಕೆಳಗೆ ಇಂಗ್ಲಿಷಿನಲ್ಲಿ ಡಾ ನಾಂಗ್ ಎಂದು ದಪ್ಪ ಅಕ್ಷರ. ಒಂದನ್ನು ಗಂಡನದೆಂದು ಪಕ್ಕಕ್ಕಿಟ್ಟು ಇನ್ನೊಂದನ್ನು ಬಿಡಿಸಿ ಭುಜಕ್ಕೆ ಹಿಡಿದುಕೊಂಡಳು. ಅದು ಮೊಣಕಾಲಿನವರೆಗೂ ಇಳಿಯಿತು.

"ಇದ್ರಾಗೆ ಇಬ್ರು ತೂರಬೌದು," ಎಂದ ತಿಪ್ಪಯ್ಯ. ಅಂಗಡಿಯಲ್ಲಿ ಚೀಲ ಹೊರುವ ಅವನು ಗೊಬ್ಬರದ ಮೂಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. "ಕಂಪನಿಯೋರು ನಿಮ್ಮನ್ನ ನೋಡಿಲ್ಲ ಬಿಡ್ರಕ್ಕ. ನೋಡಿದ್ರೆ ಇಷ್ಟು ಬಟ್ಟೆ ದಂಡ ಮಾಡ್ತಿರ್ಲಿಲ್ಲ."

ನಿರ್ಮಲಾಳಿಗೂ ನಗು ಬಂತು.

ಮುಂಗಾರಿನಲ್ಲಿ ಹೆಚ್ಚು ಬೀಜ ಮಾರಿದ ಅಂಗಡಿಗಳಿಗೆ ಕಂಪನಿ ವಿಯೆಟ್ನಾಮಿನ ಡಾ ನಾಂಗ್ ಎಂಬ ಕಡಲ ಊರಿಗೆ ಪ್ರವಾಸ ಇಟ್ಟಿತ್ತು. ಅಂಗಡಿಗೆ ಇಬ್ಬರು. ಚಳ್ಳಕೆರೆಯ ಈ ಅಂಗಡಿಯ ಬೋರ್ಡಿನಲ್ಲಿ ಇದ್ದದ್ದು ಗಂಡ ಮಾರುತೇಶನ ಹೆಸರು. ದಿನವಿಡೀ ಗಲ್ಲಾದ ಹಿಂದೆ ಕೂತು, ಯಾವ ಹೊಲಕ್ಕೆ ಯಾವ ಬೀಜ ಎಂದು ಹೇಳಿ ಕಳಿಸುತ್ತಿದ್ದವಳು ಅವಳು. ಈ ಸಲ ಬಂದವರಿಗೆಲ್ಲ, "ನಾನು ಸಮುದ್ರಾನೇ ನೋಡಿಲ್ಲ, ನೀವು ಮನಸು ಮಾಡಿದ್ರೆ ನೋಡ್ತೀನಿ," ಎಂದಿದ್ದಳು. ನನ್ನಿವಾಳದ ರೈತ ದೊಡ್ಡಪಾಲಯ್ಯ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು, ಬೇರೆ ಅಂಗಡಿಯ ಖಾಯಂ ಗಿರಾಕಿಗಳನ್ನೂ ಆಟೋದಲ್ಲಿ ತುಂಬಿಕೊಂಡು ಬಂದಿದ್ದ. "ಬೀಜ ಎಲ್ಲಿ ತಗಂಡ್ರೂ ಬೀಜಾನೇ ಕಣ್ರಲೇ. ಈಯಮ್ಮನಾದ್ರೂ ಸಮುದ್ರ ನೋಡ್ಲಿ," ಎಂದು ಅವರನ್ನು ಗದರಿಸಿ ಕೂರಿಸಿದ್ದ.

ಗೆದ್ದ ಅಂಗಡಿಗಳ ಪಟ್ಟಿಯಲ್ಲಿ ತಮ್ಮದೂ ಇದೆಯೆಂದು ತಿಳಿದಂದಿನಿಂದ ಅವಳ ಸಂಜೆಗಳೆಲ್ಲ ಡಾ ನಾಂಗಿನವೇ. ಅಡುಗೆ ಮುಗಿಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಅತ್ತೆಗೂ ತೋರಿಸುತ್ತ ಕೂರುವಳು. ಅಲ್ಲಿನ ಸೇತುವೆಯೊಂದು ಡ್ರ್ಯಾಗನ್ ಆಕಾರದ್ದು, ವಾರದ ಕೊನೆಯಲ್ಲಿ ಅದರ ಬಾಯಿಂದ ಬೆಂಕಿ ಬರುತ್ತದೆ. ತಾವಿರುವಾಗ ಶನಿವಾರ ಬರುತ್ತದೆಂದು ಅವಳು ಮೊದಲೇ ನೋಡಿಟ್ಟಿದ್ದಳು. ಬಿದಿರಿನ ದುಂಡನೆಯ ಹರಿಗೋಲಿನಲ್ಲಿ ಜನ ಗಿರಗಿರ ತಿರುಗುವುದನ್ನು ಕಂಡು ಅತ್ತೆ ಯರ್ರಮ್ಮ, "ಹರಿಗೋಲು ಹತ್ತಾಕೆ ಇಮಾನದಾಗೆ ಹೋಗ್ಬೇಕೇನೇ? ಹಂಪಿ ಹೊಳೇನೇ ಸಾಕಾಗಿತ್ತು," ಎಂದಿದ್ದಳು. ಮರುದಿನ ಸಂತೆಗೆ ಹೋದವಳು ಸೊಸೆಗೊಂದು ಮಡಚುವ ಕೊಡೆ ತಂದು ಅವಳ ಬ್ಯಾಗಿನ ಮೇಲಿಟ್ಟಿದ್ದಳು.

ಅಳತೆ ಬದಲಾಯಿಸಿಕೊಡುತ್ತಾರೇನೋ ಎಂದು ನಿರ್ಮಲಾ ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಕಂಪನಿಯ ಆಫೀಸಿನಲ್ಲಿ ದಿವ್ಯಾ ಎಂಬ ಹುಡುಗಿ ಎತ್ತಿಕೊಂಡಳು.

"ಇಲ್ಲ ಮೇಡಂ, ಸರಿಯಾಗೇ ಕಳಿಸಿದೀವಿ. ಮಾರುತೇಶ್ ಸರ್‌ಗೆ ಎಕ್ಸ್ಎಲ್. ಎರ್ರಿಸ್ವಾಮಿ ಸರ್‌ಗೆ ಡಬಲ್ ಎಕ್ಸ್ಎಲ್."

ನಿರ್ಮಲಾ ದೊಡ್ಡ ಅಂಗಿಯ ಕೊರಳಪಟ್ಟಿ ತಿರುವಿ ಅಳತೆಯ ಚೀಟಿ ನೋಡಿದಳು.

"ಮೇಡಂ, ತಾವು ಯಾರು?"

"ನಾನು ಅವರ ಮನೆಯೋಳಮ್ಮ."

ಹುಡುಗಿ ದನಿ ತಗ್ಗಿಸಿ, "ವೀಸಾ ಎಲ್ಲ ಆಗೋಗಿದೆ ಮೇಡಂ. ಆದ್ರೂ ನಾನು ನಮ್ಮ ಸರ್‌ನ ಒಂದ್ಮಾತು ಕೇಳ್ಲಾ?" ಎಂದಳು. ಯಾರೂ ಹೇಳದೆ ಕೇಳಿದ ಮಾತು ಅದು.

"ಬೇಡ ಕಣಮ್ಮ. ನೀನು ಕೇಳಿದ್ಯಲ್ಲ, ಸಾಕು."

ತಿಪ್ಪಯ್ಯ ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೊರಗೆ ಹೋದ.

ಎರ್ರಿಸ್ವಾಮಿ ಅವಳ ಒಡಹುಟ್ಟಿದ ತಮ್ಮ. ಮೊಳಕಾಲ್ಮುರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಇವರಿಂದಲೇ ಮಾಲು ಒಯ್ಯುತ್ತಿದ್ದ. ಅವ್ವ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕಿಕೊಳ್ಳುತ್ತಿದ್ದವನನ್ನು ಸ್ಕೂಲಿಗೆ ತಯಾರು ಮಾಡಿ ಕಳಿಸುತ್ತಿದ್ದವಳು ಅವಳೇ. ಹೋದ ಭಾನುವಾರ ಬಂದು ಹೋಳಿಗೆ ಉಂಡು, ಅವಳ ಪಕ್ಕದಲ್ಲೇ ಕೂತು ಆ ವಿಡಿಯೋಗಳನ್ನೆಲ್ಲ ನೋಡಿದ್ದ. ಎಷ್ಟು ಪ್ರಶ್ನೆ ಕೇಳಿದ್ದ. ಅಲ್ಲಿ ಸೆಖೆಯಾ? ನಮ್ಮ ಊಟ ಸಿಗ್ತದಾ? ಬೆಂಕಿ ಉಗುಳೋದು ಎಷ್ಟೊತ್ತಿಗೆ? ಸೇತುವೆಯ ಯಾವ ಕಡೆ ನಿಂತರೆ ಚೆನ್ನಾಗಿ ಕಾಣುತ್ತದೆಂಬುದನ್ನೂ ಅವಳು ಹೇಳಿಕೊಟ್ಟಿದ್ದಳು. "ಆ ವಿಡಿಯೋ ನಂಗೂ ಕಳ್ಸಕ್ಕ," ಎಂದಿದ್ದ. ತಮ್ಮನಿಗೆ ತನ್ನ ಖುಷಿಯಲ್ಲಿ ಇಷ್ಟು ಆಸಕ್ತಿ ಇದೆಯಲ್ಲ ಎಂದು ಅವಳಿಗೆ ಆ ದಿನವೆಲ್ಲ ಹಿಗ್ಗು.

ಮಾರುತೇಶ ಮಧ್ಯಾಹ್ನ ಬಂದವನು ಬಿಚ್ಚಿದ ಪೊಟ್ಟಣ ಕಂಡು ಬಾಗಿಲಲ್ಲೇ ನಿಂತ.

"ನನ್ನ ಪಾಸ್‌ಪೋರ್ಟು ಕಳಿಸ್ಲೇ ಇಲ್ವೇನ್ರಿ?"

"ಯಾವ ಡೀಲರೂ ಹೆಂಡ್ತೀನ ಕರ್ಕಂಬರ್ತಿಲ್ಲ ನಿರ್ಮಲಾ. ಎಲ್ಲಾ ಗಂಡಸ್ರೇ. ನೀನೊಬ್ಳು ಅಲ್ಲಿ ಏನ್ಮಾಡ್ತೀಯಾ?"

"ಸಮುದ್ರ ನೋಡ್ತೀನಿ."

ಅವನು ಟೋಪಿಯೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದ. "ಹೊರಗಿನೋರನ್ನೇನೂ ಕರ್ಕಂಡೋಗ್ತಿಲ್ಲ. ನಿನ್ನ ತಮ್ಮನೇ ಅಲ್ವಾ? ಅವನೂ ಮಾಲು ಎತ್ತಿದಾನೆ. ನಿಂಗೆ ಮಲ್ಪೆ ತೋರಿಸ್ತೀನಿ, ದೀಪಾವಳಿ ಕಳೀಲಿ."

"ಅವನಿಗೆ ಯಾವಾಗಿಂದ ಗೊತ್ತು?"

"ತಿಂಗ್ಳಾತು. ನಾನು ಹೇಳ್ಬಿಡಾಣ ಅಂದೆ. ಅವನೇ ಬೇಡ ಅಂದ. ಕೊನೇಗಳಿಗೇಲಿ ಹೇಳಿದ್ರೆ ಅಕ್ಕ ಜಾಸ್ತಿ ಬೇಜಾರು ಮಾಡ್ಕಳಲ್ಲ ಅಂದ."

ನಿರ್ಮಲಾ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. ಹೋಳಿಗೆಯ ಭಾನುವಾರ ತಮ್ಮನಿಗೆ ಎಲ್ಲ ಗೊತ್ತಿತ್ತು. ಗಂಡ ಇನ್ನೂ ಏನೋ ಹೇಳುತ್ತಿದ್ದ. ಅವಳು ಅಂಗಿಗಳನ್ನು ಮಡಿಸಿ ಗಲ್ಲಾದ ಕೆಳಗಿಟ್ಟಳು.

ಪ್ರವಾಸ ಹೊರಡುವ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದದ್ದು ಅವಳೇ. ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿದಳು. ಆಮೇಲೆ ದೊಡ್ಡ ಅಂಗಿಯನ್ನು ಸೀರೆಯ ಮೇಲೆಯೇ ತಲೆಯಿಂದ ಇಳಿಬಿಟ್ಟುಕೊಂಡಳು. ತೋಳುಗಳು ಮೊಣಕೈ ದಾಟಿ ಜೋತವು. ತಿಪ್ಪಯ್ಯ ನೋಡಿದ, ಈ ಸಲ ತಮಾಷೆ ಮಾಡಲಿಲ್ಲ. ಅವಳ ಸ್ಟೂಲನ್ನು ಒರೆಸಿ ಫ್ಯಾನಿನ ನೇರಕ್ಕೆ ಎಳೆದಿಟ್ಟ.

ಹತ್ತರ ಹೊತ್ತಿಗೆ ದೊಡ್ಡಪಾಲಯ್ಯ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ.

"ಶೇಂಗಾ ಚಟ್ನಿಪುಡಿ ಕಣವ್ವ, ನಮ್ಮ ಮನೆಯಾಕೆ ಕುಟ್ಟಿದ್ದು. ಆ ದೇಶದ ಸಪ್ಪೆ ಊಟ ನಿಂಗೆ ಸೇರಾಕಿಲ್ಲ." ಕಣ್ಣು ಕಿರಿದು ಮಾಡಿ ಅಂಗಿ ನೋಡಿದ. "ಓಹೋ, ಆಗ್ಲೇ ಹೊಂಟು ನಿಂತಂಗೈತೆ."

ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಎರ್ರಿಸ್ವಾಮಿ ಚಕ್ರವಿರುವ ಹೊಸ ಬ್ಯಾಗನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಮೊಳಕಾಲ್ಮುರಿನಿಂದ ಬಂದಿದ್ದ. ನಗುತ್ತ ಮೆಟ್ಟಿಲು ಹತ್ತಿದವನು ಅಕ್ಕನ ಮೈಮೇಲಿನ ಹಳದಿ ಕಂಡು ಅಲ್ಲೇ ನಿಂತ.

"ಬಾರಪ್ಪ," ಎಂದು ದೊಡ್ಡಪಾಲಯ್ಯ ಜಾಗ ಬಿಟ್ಟ. "ಅಕ್ಕನ್ನ ಕಳ್ಸಾಕೆ ಬಂದೇನು? ಒಳ್ಳೇದಾತು. ತಮ್ಮ ಇದ್ರೆ ಹಿಂಗಿರ್ಬೇಕು."

ಎರ್ರಿಸ್ವಾಮಿ ಬ್ಯಾಗನ್ನು ಕೈಯಿಂದ ಕೈಗೆ ಬದಲಾಯಿಸಿದ. "ಅಕ್ಕಾ," ಎಂದ.

ನಿರ್ಮಲಾ ತಮ್ಮನ ಮುಖವನ್ನೇ ನೋಡಿದಳು, ಅವನು ಕಣ್ಣು ತಗ್ಗಿಸುವವರೆಗೂ. ಆಮೇಲೆ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಗಲ್ಲಾದ ಮೇಲೆ, ಎಲ್ಲರಿಗೂ ಕಾಣುವ ಕಡೆ ಇಟ್ಟಳು.

"ಹಿಂಗಾರಿಗೆ ಕಡ್ಲೆ ಹಾಕ್ತೀಯೇನಣ್ಣ?" ಎಂದು ದೊಡ್ಡಪಾಲಯ್ಯನನ್ನು ಕೇಳಿ, ಬೀಜದ ಚೀಲ ತೋರಿಸಲು ಬೆನ್ನು ತಿರುಗಿಸಿದಳು. ಫ್ಯಾನಿನ ಗಾಳಿಗೆ ಅಂಗಿ ಬೆನ್ನ ಮೇಲೆ ಉಬ್ಬಿತು. ದೋಣಿ ಅಗಲವಾಯಿತು, ಸುಕ್ಕಾಯಿತು, ಮತ್ತೆ ಅಗಲವಾಯಿತು.