ಸೊಸೆ ಹಿಡಿದ ಹದ

ಸಿಂಧಘಟ್ಟಕ್ಕೆ ಸೊಸೆಯಾಗಿ ಬಂದ ಜಯಶೀಲಾಳ ಮೂಗು ಬಲು ಚುರುಕು. ಹಾಲು ಒಡೆಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. "ನಿಂದೇನು ನಾಯಿ ಮೂಗಾ?" ಎಂದು ಅತ್ತೆ ಚಲುವಮ್ಮ ಛೇಡಿಸಿದ ಮೇಲೆ ಹೇಳುವುದನ್ನೇ ಬಿಟ್ಟಿದ್ದಳು.

ತೊಂಬತ್ತೈದರ ಸುಗ್ಗಿಯಲ್ಲಿ ಮಾವ ಸೋಮಯ್ಯನವರಿಗೆ ನೆಗಡಿಯಾಯಿತು. ಆಲೆಮನೆಯಲ್ಲಿ ಬೆಲ್ಲದ ಹದವನ್ನು ಅವರು ವಾಸನೆಯಲ್ಲೇ ಹೇಳುವವರು. ಪಾಕವನ್ನು ನೀರಿಗೆ ಬಿಟ್ಟು ನೋಡುವುದು ಕಲಿಯುವವರ ಕೆಲಸವೆಂಬ ಬಿಂಕ ಬೇರೆ. ಮೊದಲ ಕೊಪ್ಪರಿಗೆ ಸೀದೇ ಹೋಯಿತು.

ಬುತ್ತಿ ತಂದಿದ್ದ ಜಯಶೀಲಾಳಿಗೆ ಎರಡನೆಯದರಿಂದ ಕಬ್ಬಿನ ಹಸಿ ವಾಸನೆ ಹೋಗಿ ಹುರಿಗಡಲೆಯಂಥ ಘಮ ಬಂತು. ಸುಮ್ಮನಿದ್ದರೆ ಇದೂ ಸೀಯುತ್ತದೆ.

"ಮಾವ, ಈಗ್ಲೇ ಇಳಿಸ್ಬುಡಿ," ಎಂದಳು.

ಇಳಿಸಿದರು. ಅಚ್ಚಿನಿಂದ ಹೊನ್ನಿನ ಬಣ್ಣದ ಬೆಲ್ಲ ಎದ್ದಿತು. ಸೋಮಯ್ಯ ಒಂದು ಚೂರು ಬಾಯಿಗೆ ಹಾಕಿಕೊಂಡು ನಕ್ಕರು.

"ನಾಳೆಯಿಂದ ಬುತ್ತಿ ನಿಮ್ಮತ್ತೆ ತತ್ತಾಳೆ. ನೀನು ಇಲ್ಲೇ ನಿಂತ್ಕೊ ಕಣವ್ವ."